ಕುಡಿಯುವ ನೀರಿನ ಕೆರೆ: ಶಾಸನೋಕ್ತ ಹೊಣೆಗಾರಿಕೆ ಮತ್ತು ಬೆಂಗಳೂರಿನ ಅನುಭವ

ಕರ್ನಾಟಕದ ಜನಜೀವನದಲ್ಲಿ ಕೆರೆಗಿರುವ ಸ್ಥಾನವನ್ನು ಕುರಿತು ಕನ್ನಡದಲ್ಲಿ ಗಣನೀಯ ಪ್ರಮಾಣದ ಅಧ್ಯಯನ ನಡೆದಿದೆ. ಶಾಸನಶಾಸ್ತ್ರ, ಸ್ಥಳನಾಮ ವಿಜ್ಞಾನ, ಜಾನಪದ, ಸಾಂಸ್ಕೃತಿಕ ಇತಿಹಾಸ ಈ ಎಲ್ಲ ಶಾಖೆಗಳಲ್ಲಿಯೂ ಕೆರೆ ಒಂದು ಮುಖ್ಯ ವಸ್ತುವಾಗಿದೆ. ಆದರೆ ಈ ಅಧ್ಯಯನಗಳಲ್ಲಿ ಬಹುಪಾಲು ಗ್ರಾಮೀಣ ನೀರಾವರಿ ಕೆರೆಗೆ ಸಂಬಂಧಿಸಿದವು. ನಗರಕ್ಕೆ ಕುಡಿಯುವ ನೀರನ್ನು ಒದಗಿಸುವ ಕೆರೆಯ ವಿಚಾರ ಬಂದಾಗ ಅದು ಎಂಜಿನಿಯರರಿಗೂ ಪರಿಸರ ವಿಜ್ಞಾನಿಗಳಿಗೂ ಸೇರಿದ್ದೆಂಬ ಭಾವನೆ ಬಲವಾಗಿದೆ. ಈ ವಿಂಗಡಣೆಯಿಂದ ಎರಡೂ ಕಡೆಗೆ ನಷ್ಟವಾಗಿದೆ. ಕೆರೆಯನ್ನು ಕಾಯುವ ಹೊಣೆ ಯಾರದೆಂಬ ಪ್ರಶ್ನೆಗೆ ಕನ್ನಡದ ದಾಖಲೆಗಳಲ್ಲಿ ಸ್ಪಷ್ಟವಾದ ಉತ್ತರಗಳಿವೆ. ಇಂದಿನ ನಗರಗಳ ಜಲನಿರ್ವಹಣೆಯಲ್ಲಿ ಉತ್ತರ ಸಿಗದೆ ಉಳಿದಿರುವುದೂ ಇದೇ ಪ್ರಶ್ನೆಗೆ. ಶಾಸನಗಳು ಸೂಚಿಸುವ ಹೊಣೆಗಾರಿಕೆಯ ಕ್ರಮವನ್ನು ಗುರುತಿಸಿ, ಬೆಂಗಳೂರಿಗೆ ನೀರುಣಿಸಿದ ಹೆಸರಘಟ್ಟ ಮತ್ತು ತಿಪ್ಪಗೊಂಡನಹಳ್ಳಿ ಜಲಾಶಯಗಳ ಚರಿತ್ರೆಯನ್ನು ಅದರ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಕಟ್ಟುವುದು ಮತ್ತು ಕಾಯುವುದು

ಕೆರೆ ನಿರ್ಮಾಣದ ಉಲ್ಲೇಖಗಳು ಕರ್ನಾಟಕದ ಅತ್ಯಂತ ಪ್ರಾಚೀನ ಶಾಸನಗಳಲ್ಲಿಯೇ ದೊರೆಯುತ್ತವೆ. ಚಿತ್ರದುರ್ಗ ಸಮೀಪದ ಚಂದ್ರವಳ್ಳಿಯ ಮಯೂರಶರ್ಮನ ಶಾಸನ ಕೆರೆಗೆ ಸಂಬಂಧಿಸಿದ್ದು. ಕವಿ ಕುಬ್ಜ ರಚಿಸಿದ ತಾಳಗುಂದದ ಸ್ತಂಭಶಾಸನ ಕಾಕುಸ್ಥವರ್ಮನು ದೇವಾಲಯದ ಬಳಿ ಕೆರೆಯೊಂದನ್ನು ಮಾಡಿಸಿದ ಸಂಗತಿಯನ್ನು ಹೇಳುತ್ತದೆ. ಮುಂದಿನ ಶತಮಾನಗಳಲ್ಲಿ ಅರಸರು, ಮಹಾಮಂಡಲೇಶ್ವರರು, ದಂಡನಾಯಕರು, ಗಾವುಂಡರು, ವರ್ತಕರು, ಸ್ತ್ರೀಯರು ಹೀಗೆ ಸಮಾಜದ ನಾನಾ ಸ್ತರದವರು ಕೆರೆ ಕಟ್ಟಿಸಿದ ದಾಖಲೆಗಳಿವೆ. ಹೊಯ್ಸಳರ ರಾಜಧಾನಿ ದೋರಸಮುದ್ರವೆಂಬ ತನ್ನ ಹೆಸರನ್ನೇ ಕೆರೆಯಿಂದ ಪಡೆಯಿತು. ವಿಜಯನಗರ ಕಾಲದ ಲಕ್ಷ್ಮೀಧರಾಮಾತ್ಯನ ಪ್ರಸಿದ್ಧ ಶಾಸನದಲ್ಲಿ ತಾಯಿ ಮಗುವಿಗೆ ತಿಳಿಸುವ ಕರ್ತವ್ಯಗಳಲ್ಲಿ ಕೆರೆ ಕಟ್ಟಿಸುವುದು ಮೊದಲನೆಯದು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಶಾಸನಗಳ ಪದ್ಯಭಾಗ, ಅಂದರೆ ಪ್ರಶಸ್ತಿಯ ಭಾಗ, ಸಾಮಾನ್ಯವಾಗಿ ಕಟ್ಟಿಸಿದವನನ್ನು ಹೊಗಳುತ್ತದೆ. ಕೆರೆಯನ್ನು ಕಾಯುವ ಏರ್ಪಾಡು ಬಹುಮಟ್ಟಿಗೆ ದತ್ತಿಯ ವಿವರಗಳಿರುವ ಗದ್ಯಭಾಗದಲ್ಲಿ ಬರುತ್ತದೆ. ಸಾಹಿತ್ಯದ ದೃಷ್ಟಿಯಿಂದ ಶಾಸನಗಳನ್ನು ಓದುವ ಪರಂಪರೆಯಲ್ಲಿ ಪದ್ಯಕ್ಕೆ ದೊರೆತ ಮಹತ್ವ ಈ ಗದ್ಯಕ್ಕೆ ದೊರೆತಿಲ್ಲ. ಆದರೆ ಕೆರೆಯ ಆಯುಷ್ಯವನ್ನು ನಿರ್ಧರಿಸಿದ್ದು ಈ ಗದ್ಯವೇ.

ಆ ಗದ್ಯದಲ್ಲಿ ಮತ್ತೆ ಮತ್ತೆ ಬರುವ ಕೆಲವು ಪಾರಿಭಾಷಿಕ ಶಬ್ದಗಳು ಇಲ್ಲಿ ಪ್ರಸ್ತುತ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ದುರಸ್ತಿ ಮಾಡಿಸಿದವನಿಗೆ ಬಿಟ್ಟುಕೊಟ್ಟ ಭೂಮಿ ಕಟ್ಟುಗೊಡಗೆ. ಕೆರೆಯ ನೀರಿನಿಂದ ಬೆಳೆಯುವ ನೆಲದ ಅಥವಾ ಬೆಳೆಯ ಒಂದು ಪಾಲನ್ನು ಕೆರೆಗೆಂದೇ ಮೀಸಲಿಡುವುದು ಬಿತ್ತುವಟ್ಟ. ಹತ್ತನೆಯ ಒಂದು ಪಾಲು ಎಂಬ ಅರ್ಥದಿಂದ ಬಂದದ್ದು ದಸವಂದ. ಹೂಳು ಸಾಗಿಸುವ ಬಂಡಿಯ ವೆಚ್ಚಕ್ಕೆ ಬಿಟ್ಟ ದತ್ತಿಗಳು ಕೆರೆಯ ಬಂಡಿಯ ಉಲ್ಲೇಖದೊಡನೆ ಬರುತ್ತವೆ. ಈ ಶಬ್ದಗಳ ಅರ್ಥವ್ಯಾಪ್ತಿ ಕಾಲದಿಂದ ಕಾಲಕ್ಕೆ, ಪ್ರದೇಶದಿಂದ ಪ್ರದೇಶಕ್ಕೆ ವ್ಯತ್ಯಾಸವಾಗಿರುವುದು ನಿಜ. ಆದರೂ ಇವೆಲ್ಲವುಗಳ ಹಿಂದೆ ಒಂದೇ ತತ್ತ್ವವಿದೆ. ಕೆರೆಯಿಂದ ಬಂದ ಫಲದ ಒಂದು ಭಾಗ ಅದೇ ಕೆರೆಗೆ ಹಿಂದಿರುಗಬೇಕು. ಅದು ಅರಸನ ಅಥವಾ ಊರೊಡೆಯನ ಮರ್ಜಿಗೆ ಬಿಟ್ಟದ್ದಾಗಿರದೆ ನೆಲಕ್ಕೆ ಅಂಟಿಕೊಂಡ ಶಾಶ್ವತವಾದ ಏರ್ಪಾಡಾಗಿರಬೇಕು ಎಂಬುದೇ ಆ ತತ್ತ್ವ.

ಈ ಏರ್ಪಾಡನ್ನು ದಿನನಿತ್ಯ ನಡೆಸುತ್ತಿದ್ದವನು ನೀರುಗಂಟಿ. ತೂಬನ್ನು ತೆಗೆಯುವುದು, ಮುಚ್ಚುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಂಚುವುದು, ಮಳೆಗಾಲದಲ್ಲಿ ಏರಿಯ ಮೇಲೆ ಓಡಾಡಿ ಸೋರಿಕೆ ಪತ್ತೆ ಮಾಡುವುದು, ಕೋಡಿ ಬೀಳುವ ಸೂಚನೆ ಕಂಡಾಗ ಊರಿಗೆ ತಿಳಿಸುವುದು ಅವನ ಕೆಲಸ. ಗ್ರಾಮದ ಆಯಗಾರರಲ್ಲಿ ಒಬ್ಬನಾಗಿ ಅವನು ಸುಗ್ಗಿಯ ಕಾಲದಲ್ಲಿ ಕಣದಿಂದಲೇ ತನ್ನ ಪಾಲನ್ನು ಪಡೆಯುತ್ತಿದ್ದನು. ಕೆರೆ ತುಂಬಿದರೆ ಅವನ ಪಾಲೂ ತುಂಬುತ್ತಿತ್ತು. ಕೆರೆಯ ಸ್ಥಿತಿಗೂ ಅದನ್ನು ಕಾಯುವವನ ಬದುಕಿಗೂ ಇದ್ದ ಈ ನೇರ ಸಂಬಂಧವೇ ಆ ವ್ಯವಸ್ಥೆಯ ಜೀವಾಳ.

2. ಕೆರೆ, ಬಾವಿ ಮತ್ತು ಊರು

ಪ್ರಾಚೀನ ಕರ್ನಾಟಕದ ಊರುಗಳಲ್ಲಿ ಕೆರೆಯ ನೀರನ್ನು ನೇರವಾಗಿ ಕುಡಿಯುವ ರೂಢಿ ಇತ್ತಾದರೂ ಕುಡಿಯುವ ನೀರಿಗೆ ವಿಶೇಷವಾಗಿ ಬಾವಿಯನ್ನೋ ಕಲ್ಯಾಣಿಯನ್ನೋ ಮೀಸಲಿಡುವ ಪದ್ಧತಿ ವ್ಯಾಪಕವಾಗಿತ್ತು. ಚಿತ್ರದುರ್ಗದ ಸಿಹಿನೀರು ಹೊಂಡ ಎಂಬ ಹೆಸರು ಈ ವಿವೇಚನೆಯನ್ನು ತನ್ನಲ್ಲಿಯೇ ಉಳಿಸಿಕೊಂಡಿದೆ. ಏರಿಯ ಕೆಳಗಿನ ಬಾವಿಯಲ್ಲಿ ವರ್ಷವಿಡೀ ನೀರಿರುವುದು ಮೇಲಿನ ಕೆರೆಯಿಂದ ಇಂಗಿದ ನೀರಿನ ಬಲದಿಂದ. ಕೆರೆಯಿಂದ ಬಾವಿಗೆ ಬರುವ ದಾರಿಯಲ್ಲಿ ಮಣ್ಣು, ಮರಳಿನ ಪದರಗಳು ನೀರನ್ನು ಸೋಸುತ್ತಿದ್ದವು. ಹೀಗಾಗಿ ಕೆರೆ ಮತ್ತು ಬಾವಿ ಎರಡು ಬೇರೆ ಬೇರೆ ಜಲಮೂಲಗಳಾಗಿರದೆ ಒಂದೇ ವ್ಯವಸ್ಥೆಯ ಎರಡು ಅಂಗಗಳಾಗಿದ್ದವು.

ಬೆಂಗಳೂರಿನ ಮಟ್ಟಿಗೆ ಈ ವ್ಯವಸ್ಥೆ ಅನಿವಾರ್ಯವೇ ಆಗಿತ್ತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ, ಪಶ್ಚಿಮಕ್ಕೆ ಅರ್ಕಾವತಿ, ಪೂರ್ವಕ್ಕೆ ದಕ್ಷಿಣ ಪಿನಾಕಿನಿ ನದಿಗಳ ಜಲವಿಭಜಕ ರೇಖೆಯಲ್ಲಿರುವ ಈ ಊರಿಗೆ ಜೀವನದಿಯ ಆಸರೆ ಇಲ್ಲ. 1537ರಲ್ಲಿ ಕೋಟೆ ಪೇಟೆಗಳನ್ನು ಸ್ಥಾಪಿಸಿದ ಕೆಂಪೇಗೌಡರ ಹೆಸರಿನೊಡನೆ ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಕೆರೆಗಳ ಹೆಸರುಗಳೂ ಸೇರಿಕೊಂಡಿರುವುದು ಸಹಜವೇ ಆಗಿದೆ. ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳಲ್ಲಿ ಒಂದು ಕೆರೆಯ ಕೋಡಿ ನೀರು ಇನ್ನೊಂದು ಕೆರೆಯ ಒಳಹರಿವಾಗುವಂತೆ ಸರಪಳಿ ಕೆರೆಗಳು ಬೆಳೆದವು. ನಗರದ ಸುತ್ತ ಇಂದಿಗೂ ಉಳಿದಿರುವ ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರದಂತಹ ಸ್ಥಳನಾಮಗಳಲ್ಲಿನ ಸಂದ್ರ ಎಂಬುದು ಸಮುದ್ರ ಶಬ್ದದ ಸವೆದ ರೂಪವೆಂಬ ನಿಷ್ಪತ್ತಿ ಸಾಮಾನ್ಯವಾಗಿ ಒಪ್ಪಿತವಾಗಿದೆ. ಕೆರೆಯನ್ನು ಸಮುದ್ರ, ಸಾಗರ, ಅಂಬುಧಿಗಳೆಂದು ಕರೆದ ಜನ ಅದನ್ನು ಕಟ್ಟಿದ ವಸ್ತುವೆಂದೇ ತಿಳಿದಿದ್ದರು ಎಂಬುದು ಇಲ್ಲಿ ಮುಖ್ಯ.

ಇತ್ತೀಚಿನ ದಶಕಗಳ ಬಳಕೆಯಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಭಾಷಿಕ ವ್ಯತ್ಯಾಸ ಕಾಣುತ್ತದೆ. ಹಿಂದಿನ ಇಂಗ್ಲಿಷ್ ದಾಖಲೆಗಳಲ್ಲಿ ಟ್ಯಾಂಕ್ ಎನಿಸಿಕೊಂಡ ಕೆರೆ ಈಗಿನ ಬಳಕೆಯಲ್ಲಿ ಲೇಕ್ ಆಗಿದೆ. ಅದರ ಪ್ರಭಾವದಿಂದ ಕನ್ನಡದಲ್ಲಿಯೂ ಸರೋವರ ಎಂಬ ಶಬ್ದ ಕೆರೆಯ ಸ್ಥಾನಕ್ಕೆ ಬರುತ್ತಿದೆ. ಸರೋವರ ಪ್ರಕೃತಿಸಹಜವಾದದ್ದು, ಅದು ತನ್ನಷ್ಟಕ್ಕೆ ತಾನೇ ಇರಬಲ್ಲದು ಎಂಬ ಧ್ವನಿ ಅದಕ್ಕಿದೆ. ಕೆರೆ ಹಾಗಲ್ಲ. ಏರಿ, ತೂಬು, ಕೋಡಿ, ಕಾಲುವೆಗಳಲ್ಲಿ ಒಂದನ್ನು ಮರೆತರೂ ಕೆರೆ ಕೆರೆಯಾಗಿ ಉಳಿಯುವುದಿಲ್ಲ. ಹೆಸರು ಬದಲಾದಾಗ ಹೊಣೆಯ ಅರಿವೂ ಮಸುಕಾಗುತ್ತದೆ.

3. ನಲ್ಲಿಯ ಆಗಮನ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬೆಂಗಳೂರಿನ ಜನಸಂಖ್ಯೆ ಹೆಚ್ಚಿದಂತೆ ಊರೊಳಗಿನ ಕೆರೆ ಬಾವಿಗಳು ಸಾಲದಾದವು. 1876–78ರ ಭೀಕರ ಕ್ಷಾಮ ಈ ಕೊರತೆಯನ್ನು ತೀವ್ರವಾಗಿ ಮನಗಾಣಿಸಿತು. 1882ರಲ್ಲಿ ಸ್ಯಾಂಕಿ ಕೆರೆ ನಿರ್ಮಾಣವಾಯಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1894ರಲ್ಲಿ, ನಂದಿಬೆಟ್ಟದಲ್ಲಿ ಹುಟ್ಟಿ ಹರಿಯುವ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಹೆಸರಘಟ್ಟ ಕೆರೆಯಿಂದ ನಗರಕ್ಕೆ ನೀರು ತರುವ ಚಾಮರಾಜೇಂದ್ರ ಜಲಕಾರ್ಯ ಯೋಜನೆ ಜಾರಿಗೆ ಬಂದಿತು. ಕೆರೆಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಹರಿದು, ಅಲ್ಲಿಂದ ಯಂತ್ರಬಲದಿಂದ ನಗರ ತಲುಪುತ್ತಿತ್ತು. ಹೆಸರಘಟ್ಟದ ನೀರೂ ಸಾಲದಾದಾಗ ಸರ್ ಎಂ. ವಿಶ್ವೇಶ್ವರಯ್ಯನವರ ಮಾರ್ಗದರ್ಶನದಲ್ಲಿ ಅರ್ಕಾವತಿ ಮತ್ತು ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ನದಿಗಳ ಸಂಗಮದ ಬಳಿ, ತಿಪ್ಪಗೊಂಡನಹಳ್ಳಿಯಲ್ಲಿ, ಚಾಮರಾಜಸಾಗರ ಜಲಾಶಯ ರೂಪುಗೊಂಡು 1933ರಲ್ಲಿ ಬಳಕೆಗೆ ಬಂದಿತು. 1964ರಲ್ಲಿ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಸ್ಥಾಪನೆಯಾಯಿತು. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಬಂದಿತು. ಮುಂದೆ 1982, 1993, 2002, 2012ರಲ್ಲಿ ಇತರ ಹಂತಗಳು ಪೂರ್ಣಗೊಂಡು, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು.

ಇವು ಎಂಜಿನಿಯರಿಂಗ್ ಸಾಧನೆಗಳೆಂಬುದರಲ್ಲಿ ಸಂದೇಹವಿಲ್ಲ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ನೀರನ್ನು ಏರಿಸಿ ಲಕ್ಷಾಂತರ ಮನೆಗಳಿಗೆ ಹಂಚುವುದು ಸಾಮಾನ್ಯ ಕಾರ್ಯವಲ್ಲ. ಆದರೆ ಈ ಚರಿತ್ರೆಯನ್ನು ಕೆರೆಯ ಕಡೆಯಿಂದ ನೋಡಿದರೆ ಬೇರೊಂದು ಕ್ರಮ ಗೋಚರಿಸುತ್ತದೆ. ದೂರದ ನೀರು ಬಂದಂತೆಲ್ಲ ಹತ್ತಿರದ ನೀರು ಬೇಡವಾಯಿತು. ಹೆಸರಘಟ್ಟದ ನೀರು ಬಂದ ಮೇಲೆ ಊರೊಳಗಿನ ಕೆರೆಗಳು ತಮ್ಮ ಮುಖ್ಯ ಪ್ರಯೋಜನವನ್ನು ಕಳೆದುಕೊಂಡವು. ಧರ್ಮಾಂಬುಧಿಯ ಅಂಗಳ ಕಾಲಕ್ರಮದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಸಂಪಂಗಿಯಲ್ಲಿ ಇಂದು ಉಳಿದಿರುವುದು ಕರಗದ ಆಚರಣೆಗೆ ಬೇಕಾದ ಒಂದು ಪುಟ್ಟ ಕೊಳ ಮಾತ್ರ. ಆ ಕೊಳವನ್ನು ಉಳಿಸಿದ್ದು ಜಲನೀತಿಯಲ್ಲ, ಒಂದು ಸಮುದಾಯದ ಶ್ರದ್ಧೆ ಎಂಬುದು ಚಿಂತನೆಗೆ ಯೋಗ್ಯವಾದ ಸಂಗತಿ. ಕಾವೇರಿ ಬಂದ ಮೇಲೆ ಅದೇ ಗತಿ ಅರ್ಕಾವತಿಯ ಜಲಾಶಯಗಳಿಗೂ ಒದಗಿತು.

4. ಅರ್ಕಾವತಿ ಬತ್ತಿದ ಬಗೆ

ಹೆಸರಘಟ್ಟ 1990ರ ದಶಕದಲ್ಲಿಯೇ ನಂಬತಕ್ಕ ಜಲಮೂಲವಾಗಿ ಉಳಿಯಲಿಲ್ಲ. ತಿಪ್ಪಗೊಂಡನಹಳ್ಳಿಯ ಒಳಹರಿವು ಕ್ರಮೇಣ ಕುಸಿದು, 2010ರ ದಶಕದ ಆರಂಭದಲ್ಲಿ ಅಲ್ಲಿಂದ ನಗರಕ್ಕೆ ನೀರು ಪಡೆಯುವುದು ನಿಂತುಹೋಯಿತು. 2022ರ ಭಾರಿ ಮಳೆಯಲ್ಲಿ ಹೆಸರಘಟ್ಟ ಕೆರೆ ಅನೇಕ ವರ್ಷಗಳ ನಂತರ ತುಂಬಿದಾಗ ಜನ ಗುಂಪುಗುಂಪಾಗಿ ನೋಡಲು ಹೋದದ್ದು ಅದರ ಹಿಂದಿನ ಬರಿದುತನಕ್ಕೆ ಸಾಕ್ಷಿ.

ಮಳೆ ಕಡಿಮೆಯಾದದ್ದರಿಂದ ನದಿ ಬತ್ತಿತೆಂಬುದು ಸಾಮಾನ್ಯವಾಗಿ ಕೇಳಿಬರುವ ವಿವರಣೆ. ತಿಪ್ಪಗೊಂಡನಹಳ್ಳಿಯ ಸುಮಾರು 1,450 ಚದರ ಕಿಲೋಮೀಟರ್ ಜಲಾನಯನ ಪ್ರದೇಶವನ್ನು ಕುರಿತು ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿವರಣೆಯನ್ನು ಒಪ್ಪುವುದಿಲ್ಲ. ಮಳೆಯ ಅಥವಾ ಉಷ್ಣತೆಯ ವ್ಯತ್ಯಾಸದಿಂದ ಇಷ್ಟು ದೊಡ್ಡ ಕುಸಿತವನ್ನು ವಿವರಿಸಲಾಗದು, ಕೊಳವೆಬಾವಿಗಳ ಮೂಲಕ ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದು ಮತ್ತು ನೀಲಗಿರಿ ತೋಪುಗಳ ವಿಸ್ತರಣೆ ಇದಕ್ಕೆ ಹೆಚ್ಚು ಸಂಭಾವ್ಯ ಕಾರಣಗಳು ಎಂಬ ದಿಕ್ಕಿನಲ್ಲಿ ಅದರ ನಿರ್ಣಯಗಳಿವೆ. ಹಿಂದೆ ಅಂತರ್ಜಲ ಮಟ್ಟ ಮೇಲಿದ್ದಾಗ ನೆಲದೊಳಗಿನ ನೀರು ಹಳ್ಳಗಳಿಗೆ ಒಸರಿ ಮಳೆ ನಿಂತ ಮೇಲೂ ನದಿ ಹರಿಯುತ್ತಿತ್ತು. ಆ ಮಟ್ಟ ನೂರಾರು ಅಡಿ ಆಳಕ್ಕೆ ಇಳಿದಾಗ ಒಸರು ನಿಂತಿತು. ಬಿದ್ದ ಮಳೆಯನ್ನೂ ಒಣಗಿದ ನೆಲವೇ ಹೀರಿಕೊಂಡಿತು. ನೀಲಗಿರಿಯ ಹೊಸ ನಾಟಿಯನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತಾದರೂ ಅಷ್ಟರಲ್ಲಿ ಹಾನಿ ಸಾಕಷ್ಟು ಆಗಿತ್ತು.

ಪ್ರಮಾಣದಷ್ಟೇ ಗುಣವೂ ಇಲ್ಲಿ ಮುಖ್ಯ. ಜಲಾನಯನದ ಪಟ್ಟಣಗಳು ಬೆಳೆದಂತೆ ಅವುಗಳ ಕೊಳಚೆ ಮತ್ತು ಕೈಗಾರಿಕೆಗಳ ತ್ಯಾಜ್ಯ ಹಳ್ಳಗಳಿಗೆ ಸೇರತೊಡಗಿತು. ಕೊಳಚೆಯಲ್ಲಿರುವ ಸಾರಜನಕ, ರಂಜಕಗಳು ಕೆರೆಯ ನೀರಿನಲ್ಲಿ ಪಾಚಿಯನ್ನೂ ಅಂತರಗಂಗೆಯನ್ನೂ ಬೆಳೆಸುತ್ತವೆ. ಅವು ಕೊಳೆತಾಗ ನೀರಿನಲ್ಲಿ ಕರಗಿರುವ ಆಮ್ಲಜನಕ ತೀರಿ ಮೀನುಗಳು ಸಾಯುತ್ತವೆ. ಪಟಿಕದಿಂದ ಕದಡು ಇಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸುವ ವಾಡಿಕೆಯ ಶುದ್ಧೀಕರಣ ಕ್ರಮ ಮಣ್ಣನ್ನೂ ರೋಗಾಣುಗಳನ್ನೂ ನಿವಾರಿಸಬಲ್ಲದು. ಕಾರ್ಖಾನೆಗಳಿಂದ ಬಂದು ನೀರಿನಲ್ಲಿ ಕರಗಿರುವ ರಾಸಾಯನಿಕಗಳನ್ನು ತೆಗೆಯಲು ಅದಕ್ಕೆ ಶಕ್ತಿ ಸಾಲದು. ಆದ್ದರಿಂದ ಕುಡಿಯುವ ನೀರಿನ ಕೆರೆಯ ಸಂರಕ್ಷಣೆ ಶುದ್ಧೀಕರಣ ಘಟಕದಲ್ಲಿ ಆರಂಭವಾಗುವುದಿಲ್ಲ. ಮಳೆಹನಿ ನೆಲಕ್ಕೆ ಬೀಳುವ ಸ್ಥಳದಲ್ಲಿಯೇ ಆರಂಭವಾಗುತ್ತದೆ.

5. ಎರಡು ರಾಜ್ಯಗಳ ಗಡಿ

ಕೆರೆ ನಿರ್ಮಾಣಶಾಸ್ತ್ರದ ದೃಷ್ಟಿಯಿಂದ ಅತ್ಯಂತ ಮಹತ್ತ್ವದ್ದೆನಿಸಿದ ಶಾಸನ ಇಂದಿನ ಆಂಧ್ರಪ್ರದೇಶದ ಕಡಪ ಪ್ರದೇಶದ ಪೊರುಮಾಮಿಳ್ಳದಲ್ಲಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕ್ರಿ.ಶ. 1369ರಲ್ಲಿ ಹಾಕಿಸಿದ ಈ ಸಂಸ್ಕೃತ ಶಾಸನ ಉತ್ತಮ ಕೆರೆಯ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಅಂಗಳದ ನಡುವೆ ಆಮೆಯ ಬೆನ್ನಿನಂತೆ ಉಬ್ಬಿರುವುದು, ನೀರು ಕಡಿಮೆಯಾಗಿ ನೆಲ ಹೆಚ್ಚಾಗಿರುವುದು, ನೆಲ ಕಡಿಮೆಯಾಗಿ ನೀರು ಹೆಚ್ಚಾಗಿರುವುದು ಎಂಬ ಐದು ದೋಷಗಳು ಭೌತಿಕವಾದವು. ಉಳಿದ ಒಂದು ದೋಷ ಬೇರೆ ಸ್ವರೂಪದ್ದು: ಎರಡು ರಾಜ್ಯಗಳ ಗಡಿಯಲ್ಲಿರುವುದು. ಏರಿ ಎಷ್ಟೇ ಗಟ್ಟಿಯಾಗಿದ್ದರೂ ಇಬ್ಬರ ಅಧಿಕಾರಕ್ಕೆ ಸಿಕ್ಕಿದ ಕೆರೆ ಯಾರ ರಕ್ಷಣೆಗೂ ಒಳಪಡುವುದಿಲ್ಲವೆಂಬ ಅನುಭವ ಈ ಎಣಿಕೆಯ ಹಿಂದೆ ಇದ್ದಂತೆ ತೋರುತ್ತದೆ.

ಇಂದಿನ ನಗರದ ಕೆರೆ ಇಂತಹ ಹಲವು ರಾಜ್ಯಗಳ ಗಡಿಯಲ್ಲಿದೆ. ನೀರು ಒಂದು ಮಂಡಳಿಯದು, ಅಂಗಳದ ಭೂಮಿ ಕಂದಾಯ ಇಲಾಖೆಯ ದಾಖಲೆಯಲ್ಲಿ, ರಾಜಕಾಲುವೆ ನಗರಾಡಳಿತದ ವಶದಲ್ಲಿ, ಸುತ್ತಲಿನ ಬಡಾವಣೆಯ ಅನುಮತಿ ಅಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿ, ಮಾಲಿನ್ಯದ ಮೇಲ್ವಿಚಾರಣೆ ಇನ್ನೊಂದು ಮಂಡಳಿಯದು. ತಿಪ್ಪಗೊಂಡನಹಳ್ಳಿಯ ವಿಷಯದಲ್ಲಿ ಈ ಗಡಿ ಇನ್ನೂ ತೀಕ್ಷ್ಣವಾಗಿದೆ. ನೀರು ಕುಡಿಯುವವರು ಬೆಂಗಳೂರಿನಲ್ಲಿದ್ದಾರೆ. ಮಳೆ ಬೀಳುವ ನೆಲ ದೊಡ್ಡಬಳ್ಳಾಪುರ, ನೆಲಮಂಗಲ, ಮಾಗಡಿಗಳ ಕಡೆಯ ರೈತರದು. ಜಲಾಶಯದ ರಕ್ಷಣೆಗಾಗಿ ಸರ್ಕಾರ 2003ರಲ್ಲಿ ಅಧಿಸೂಚನೆ ಹೊರಡಿಸಿ ಜಲಾನಯನವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಜಲಾಶಯದ ಮತ್ತು ನದಿಗಳ ಅಂಚಿನಲ್ಲಿ ಕಟ್ಟಡ, ಕೈಗಾರಿಕೆಗಳಿಗೆ ಮಿತಿ ಹಾಕಿತು. ಉದ್ದೇಶ ಉತ್ತಮವಾದದ್ದೇ. ಆದರೆ ನಿರ್ಬಂಧದ ಭಾರವೆಲ್ಲ ಹಳ್ಳಿಗೆ, ನೀರಿನ ಲಾಭವೆಲ್ಲ ನಗರಕ್ಕೆ ಎಂಬಂತಾದಾಗ ಅಂತಹ ನಿಯಮ ನೆಲದಲ್ಲಿ ಬೇರೂರುವುದು ಕಷ್ಟ. ಅದನ್ನು ಸಡಿಲಗೊಳಿಸಬೇಕೆಂಬ ಒತ್ತಡ ಮುಂದಿನ ವರ್ಷಗಳಲ್ಲಿ ಬಂದದ್ದು ಆಶ್ಚರ್ಯವಲ್ಲ.

ಸಂಸ್ಥೆಗಳ ಅಸ್ಥಿರತೆಯೂ ಈ ದೋಷಕ್ಕೆ ಪೂರಕವಾಯಿತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ರಚನೆಯಾಯಿತು. 2014ರ ಅಧಿನಿಯಮದಿಂದ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಬಂದಿತು. 2018ರಲ್ಲಿ ಅದೂ ರದ್ದಾಗಿ ಅದರ ಕಾರ್ಯಗಳು ಬೇರೊಂದು ಪ್ರಾಧಿಕಾರಕ್ಕೆ ವರ್ಗವಾದವು. 2025ರಲ್ಲಿ ನಗರಾಡಳಿತವೇ ಐದು ಪಾಲಿಕೆಗಳಾಗಿ ವಿಭಜನೆಗೊಂಡು ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ನಿಂತಿತು. ಸರಪಳಿ ಕೆರೆಗಳು ಪಾಲಿಕೆಯ ಗಡಿಯನ್ನು ಅನುಸರಿಸುವುದಿಲ್ಲ. ನೀರು ಇಳಿಜಾರನ್ನು ಮಾತ್ರ ಅನುಸರಿಸುತ್ತದೆ.

6. ಹಳೆಯ ಕ್ರಮದ ಮಿತಿಗಳು

ಮೇಲಿನ ವಿವೇಚನೆಯಿಂದ ಹಿಂದಿನ ವ್ಯವಸ್ಥೆಯೇ ಆದರ್ಶವೆಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಶಾಸನಗಳು ಕೆರೆಯ ಫಲವನ್ನು ಪಡೆದವರ ದಾಖಲೆಗಳು. ಮಣ್ಣು ಹೊತ್ತವರ ಹೆಸರು ಅವುಗಳಲ್ಲಿ ಅಪರೂಪ. ಪೊರುಮಾಮಿಳ್ಳದ ಶಾಸನವೇ ಸಾವಿರ ಜನ ಕೂಲಿಗಳು ಎರಡು ವರ್ಷ ದುಡಿದರೆಂದು ಸಂಖ್ಯೆಯನ್ನು ಹೇಳುತ್ತದೆ, ಹೆಸರನ್ನು ಹೇಳುವುದಿಲ್ಲ. ಊರಿನ ನೀರಿಗಾಗಿ ಮನೆಯ ಕಿರಿಯ ಸೊಸೆಯನ್ನು ಬಲಿಗೊಡುವ ಕೆರೆಗೆ ಹಾರ ಎಂಬ ಜನಪದ ಕಥನಗೀತೆ ಕೆರೆಯ ಸಾಮುದಾಯಿಕ ಹಿತದ ಬೆಲೆಯನ್ನು ಯಾರು ತೆರುತ್ತಿದ್ದರೆಂಬ ಪ್ರಶ್ನೆಯನ್ನು ಎತ್ತುತ್ತದೆ.

ಕುಡಿಯುವ ನೀರಿನ ವಿಷಯದಲ್ಲಿ ಈ ಮಿತಿ ಇನ್ನೂ ಗಂಭೀರವಾದದ್ದು. ನೀರುಗಂಟಿಯ ಕೆಲಸ ಅನೇಕ ಕಡೆ ಅಸ್ಪೃಶ್ಯರೆನಿಸಿಕೊಂಡವರಿಗೆ ಸೇರಿತ್ತು. ತೂಬನ್ನು ತೆಗೆದು ಊರಿನ ಗದ್ದೆಗೆಲ್ಲ ನೀರು ಹಾಯಿಸಿದವನಿಗೆ ಊರ ಬಾವಿಯ ಹಗ್ಗವನ್ನು ಮುಟ್ಟುವ ಹಕ್ಕು ಇರಲಿಲ್ಲ. 1927ರ ಮಾರ್ಚ್ 20ರಂದು ಡಾ. ಬಿ.ಆರ್. ಅಂಬೇಡ್ಕರ್ ಅವರು ಮಹಾಡ್ ಪಟ್ಟಣದ ಚವದಾರ್ ಕೆರೆಯ ನೀರನ್ನು ಕುಡಿದು ನಡೆಸಿದ ಸತ್ಯಾಗ್ರಹ ಒಂದು ಪಟ್ಟಣದ ಕುಡಿಯುವ ನೀರಿನ ಕೆರೆಯನ್ನು ಕುರಿತಾದದ್ದೇ ಆಗಿತ್ತು. ನಲ್ಲಿಯ ನೀರು ತನ್ನೆಲ್ಲ ದೋಷಗಳ ನಡುವೆಯೂ, ಪಡೆಯುವವನ ಜಾತಿಯನ್ನು ಕೇಳದೆ ಹರಿಯುವ ಸಾಧ್ಯತೆಯನ್ನು ತೆರೆಯಿತು. ಆದ್ದರಿಂದ ಹಳೆಯ ಕ್ರಮದಿಂದ ಪಡೆಯಬೇಕಾದದ್ದು ಅದರ ಸಾಮಾಜಿಕ ಶ್ರೇಣಿಯನ್ನಲ್ಲ. ಫಲ ಪಡೆದವರು ಮೂಲಕ್ಕೆ ಹಿಂದಿರುಗಿಸಬೇಕೆಂಬ ಅದರ ಆರ್ಥಿಕ ತತ್ತ್ವವನ್ನು.

7. ಸಂರಕ್ಷಣೆಯ ನಾಲ್ಕು ನೆಲೆಗಳು

ಈ ಹಿನ್ನೆಲೆಯಲ್ಲಿ ಕುಡಿಯುವ ನೀರಿನ ಕೆರೆಯ ನಿರ್ವಹಣೆಯನ್ನು ನಾಲ್ಕು ನೆಲೆಗಳಲ್ಲಿ ಯೋಚಿಸಬಹುದು.

ಮೊದಲನೆಯದು ಜಲಾನಯನ. ಅಂತರ್ಜಲದ ಬಳಕೆಗೆ ಮಿತಿ, ನೀಲಗಿರಿಗೆ ಬದಲಾಗಿ ಸ್ಥಳೀಯ ಮರಗಿಡಗಳು, ಹುಲ್ಲುಗಾವಲು ಮತ್ತು ಗುಂಡುತೋಪುಗಳ ರಕ್ಷಣೆ, ಮೇಲಿನ ಪಟ್ಟಣಗಳ ಕೊಳಚೆಗೆ ಅಲ್ಲಲ್ಲಿಯೇ ಸಂಸ್ಕರಣೆ ಇವು ಈ ನೆಲೆಯ ಕಾರ್ಯಗಳು.

ಎರಡನೆಯದು ಕಾಲುವೆ. ಕೆರೆಯ ಅಂಗಳಕ್ಕೆ ಬೇಲಿ ಹಾಕಿ ಕಾಲುವೆಯನ್ನು ಕಳೆದುಕೊಂಡರೆ ಉಳಿಯುವುದು ಹಳ್ಳ ಮಾತ್ರ. ಸರಪಳಿಯಲ್ಲಿ ಮೇಲಿನ ಒಂದು ಕೆರೆ ಮುಚ್ಚಿಹೋದರೆ ಕೆಳಗಿನ ಕೆರೆಗೆ ಮಳೆಗಾಲದಲ್ಲಿ ಪ್ರವಾಹ, ಬೇಸಿಗೆಯಲ್ಲಿ ಬರ ಎರಡೂ ಬರುತ್ತವೆ.

ಮೂರನೆಯದು ಕೆರೆಯ ಒಡಲು. ಅಭಿವೃದ್ಧಿಯ ಹೆಸರಿನಲ್ಲಿ ಅಂಗಳವನ್ನು ಬೋಗುಣಿಯಂತೆ ಒಂದೇ ಆಳಕ್ಕೆ ತೋಡಿ, ಸುತ್ತ ಏರಿ ಹಾಕಿ, ಅದರ ಮೇಲೆ ನಡಿಗೆಯ ದಾರಿ ನಿರ್ಮಿಸುವ ಕ್ರಮ ಸಾಮಾನ್ಯವಾಗಿದೆ. ಕೆರೆಗೆ ಏರಿ ಇರಬೇಕಾದದ್ದು ಇಳಿಜಾರಿನ ಕಡೆಗೆ. ನೀರು ಬರುವ ಕಡೆ ಅದು ತೆರೆದಿರಬೇಕು. ಆ ತೆರೆದ ಅಂಚಿನ ಆಳವಿಲ್ಲದ ನೀರಿನಲ್ಲಿ ಬೆಳೆಯುವ ಜೊಂಡು ಹುಲ್ಲು ಹೂಳನ್ನು ತಡೆಯುತ್ತದೆ, ಕೊಳೆಯ ಸಾರವನ್ನು ಹೀರುತ್ತದೆ, ಹಕ್ಕಿಗಳಿಗೂ ಮೀನಿನ ಮರಿಗಳಿಗೂ ಆಶ್ರಯ ನೀಡುತ್ತದೆ. ಬೆಂಗಳೂರಿನ ಉತ್ತರ ಭಾಗದ ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರನ್ನು ಇಂತಹ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ಕ್ರಮ ಈ ನೆಲೆಯಲ್ಲಿ ಗಮನಾರ್ಹವಾದದ್ದು. ಕೆರೆಯಿಂದ ಇಂಗಿದ ನೀರು ಸುತ್ತಲಿನ ಬಾವಿಗಳಿಗೆ ಸೇರುವುದರಿಂದ ಕೆರೆ–ಬಾವಿಗಳ ಹಳೆಯ 

ಸಂಬಂಧ ಅಲ್ಲಿ ಮತ್ತೆ ಜೀವ ಪಡೆದಂತಾಗಿದೆ.

ನಾಲ್ಕನೆಯದು ಹೊಣೆ. ಮೊದಲ ಮೂರೂ ನೆಲೆಗಳು ಇದನ್ನು ಅವಲಂಬಿಸಿವೆ. ನಗರದ ನೀರಿನ ಬಿಲ್ಲಿನ ಒಂದು ನಿಶ್ಚಿತ ಪಾಲು ಜಲಾನಯನದ ಗ್ರಾಮಗಳಿಗೆ, ಅಲ್ಲಿನ ಕೆರೆ ಕಾಲುವೆಗಳ ರಕ್ಷಣೆಗೆಂದೇ ಮೀಸಲಾಗಿ ಹಿಂದಿರುಗುವಂತಾದರೆ ಅದು ಬಿತ್ತುವಟ್ಟದ ಆಧುನಿಕ ರೂಪವಾಗುತ್ತದೆ. ಇದು ಕೇವಲ ಕಲ್ಪನೆಯಲ್ಲ. ಅಮೆರಿಕದ ನ್ಯೂಯಾರ್ಕ್ ನಗರ 1997ರಲ್ಲಿ ತನಗೆ ನೀರು ಒದಗಿಸುವ ಕ್ಯಾಟ್‌ಸ್ಕಿಲ್ ಬೆಟ್ಟ ಪ್ರದೇಶದ ಸ್ಥಳೀಯ ಆಡಳಿತಗಳೊಡನೆ ಇಂತಹ ಒಪ್ಪಂದ ಮಾಡಿಕೊಂಡು, ಭಾರಿ ವೆಚ್ಚದ ಶೋಧನ ಘಟಕ ಕಟ್ಟುವ ಬದಲು ಅಲ್ಲಿನ ನೆಲವನ್ನೂ ಹೊಳೆಗಳನ್ನೂ ಕಾಯುವುದಕ್ಕೆ ಹಣ ತೊಡಗಿಸಿತು. ಅಲ್ಲಿ ಹೊಸದೆನಿಸಿದ ಈ ವಿಚಾರ ಕನ್ನಡ ಶಾಸನಗಳ ಓದುಗರಿಗೆ ಅಪರಿಚಿತವಾದದ್ದಲ್ಲ. ಹಾಗೆಯೇ ಪ್ರತಿ ಕೆರೆಗೂ ಹೆಸರು ಹಿಡಿದು ಹೇಳಬಹುದಾದ ಒಬ್ಬ ಕಾವಲುಗಾರ, ಅಂದರೆ ಗೌರವಯುತ ವೇತನ ಮತ್ತು ತರಬೇತಿಯುಳ್ಳ ನೀರುಗಂಟಿ, ಇರಬೇಕಾದದ್ದು ಅಗತ್ಯ.

8. ಕನ್ನಡ ಅಧ್ಯಯನದ ಪಾತ್ರ

ಈ ಕಾರ್ಯದಲ್ಲಿ ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ಬಹಳಷ್ಟಿದೆ. ಕೆರೆಯ ಒತ್ತುವರಿಯ ಪ್ರಶ್ನೆ ಎದ್ದಾಗಲೆಲ್ಲ ಕೆರೆ ಎಲ್ಲಿತ್ತು, ಕಾಲುವೆ ಯಾವ ದಾರಿಯಲ್ಲಿ ಹರಿಯುತ್ತಿತ್ತು ಎಂಬುದಕ್ಕೆ ಸಾಕ್ಷ್ಯ ಬೇಕಾಗುತ್ತದೆ. ಶಾಸನಗಳ ಗದ್ದೆ ಬೆದ್ದಲುಗಳ ಎಲ್ಲೆಯ ವಿವರಗಳಲ್ಲಿ, ಕೈಫಿಯತ್ತುಗಳಲ್ಲಿ, ಹಳೆಯ ಕಂದಾಯ ದಾಖಲೆಗಳ ಭಾಷೆಯಲ್ಲಿ, ಹೊಲಗಳ ಹೆಸರುಗಳಲ್ಲಿ ಈ ಸಾಕ್ಷ್ಯ ಹುದುಗಿದೆ. 1905ರಲ್ಲಿ ಬಿ.ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ಉಲ್ಲೇಖಗೊಂಡ ಕೆರೆಗಳನ್ನು ಇಂದಿನ ನೆಲದ ಮೇಲೆ ಗುರುತಿಸುವ ಕೆಲಸ, ಅರ್ಕಾವತಿ ಜಲಾನಯನದ ಗ್ರಾಮಗಳಲ್ಲಿ ಕೆರೆಗೆ ಸಂಬಂಧಿಸಿದ ಶಬ್ದಗಳನ್ನು ಹಿರಿಯರಿಂದ ಸಂಗ್ರಹಿಸುವ ಕೆಲಸ, ನೀರುಗಂಟಿ ಮನೆತನಗಳ ಮೌಖಿಕ ಚರಿತ್ರೆಯನ್ನು ದಾಖಲಿಸುವ ಕೆಲಸ ಇವು ಸಂಶೋಧನ ವಿದ್ಯಾರ್ಥಿಗಳಿಗೆ ತಕ್ಕ ವಿಷಯಗಳು. ಬಿತ್ತುವಟ್ಟ ಎಂಬುದಕ್ಕೆ ನಿಘಂಟಿನಲ್ಲಿ ಒಂದು ಸಾಲಿನ ಅರ್ಥ ನೀಡಿ ಮುಂದೆ ಸಾಗುವ ಬದಲು ಅದು ಯಾವ ಊರಿನಲ್ಲಿ, ಎಷ್ಟು ನೆಲಕ್ಕೆ, ಯಾರ ಮೇಲ್ವಿಚಾರಣೆಯಲ್ಲಿ ನಡೆಯುತ್ತಿತ್ತೆಂಬ ಪ್ರಾದೇಶಿಕ ವಿವರಗಳನ್ನು ಒಟ್ಟುಗೂಡಿಸಿದರೆ ಅದು ಜಲನೀತಿ ರೂಪಿಸುವವರಿಗೂ ಉಪಯುಕ್ತವಾಗುತ್ತದೆ.

ಒಟ್ಟಿನಲ್ಲಿ, ಬೆಂಗಳೂರಿನ ಕುಡಿಯುವ ನೀರಿನ ಚರಿತ್ರೆ ಹೊಸ ಹೊಸ ಮೂಲಗಳನ್ನು ಗಳಿಸಿದ ಚರಿತ್ರೆಯಾಗಿರುವಂತೆಯೇ ಹಳೆಯ ಮೂಲಗಳಿಗೆ ಏನನ್ನೂ ಹಿಂದಿರುಗಿಸದ ಚರಿತ್ರೆಯೂ ಆಗಿದೆ. 2024ರ ಬೇಸಿಗೆಯಲ್ಲಿ ನಗರದ ಸಾರ್ವಜನಿಕ ಕೊಳವೆಬಾವಿಗಳಲ್ಲಿ ಸುಮಾರು ಅರ್ಧದಷ್ಟು ಬತ್ತಿದಾಗ ಇದರ ಪರಿಣಾಮ ಮನೆಮನೆಗೂ ಅರಿವಾಯಿತು. ಕಾವೇರಿಯ ಪಾಲಿಗೂ ಮಿತಿಯಿದೆ. ಅದಕ್ಕಿಂತ ದೂರದ ನದಿಯನ್ನು ಹುಡುಕುತ್ತ ಹೋಗುವುದು ಶಾಶ್ವತ ಪರಿಹಾರವಾಗಲಾರದು. ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳು ನಗರಕ್ಕೆ ಹಿಂದೆ ನೀರು ಕೊಟ್ಟ ಸ್ಮಾರಕಗಳಾಗಿ ಉಳಿಯಬೇಕೇ ಅಥವಾ ಬರಗಾಲದ ಆಸರೆಯಾಗಿ ಮತ್ತೆ ತುಂಬಬೇಕೇ ಎಂಬುದು ಅವುಗಳ ಏರಿಯ ಬಲಕ್ಕಿಂತ ಹೆಚ್ಚಾಗಿ ನಗರಕ್ಕೂ ಜಲಾನಯನದ ಹಳ್ಳಿಗಳಿಗೂ ನಡುವೆ ಏರ್ಪಡುವ ಋಣಸಂಬಂಧವನ್ನು ಅವಲಂಬಿಸಿದೆ. ಶಾಸನಗಳ ಗದ್ಯಭಾಗ ಹೇಳುವ ಮಾತೂ ಇದೇ ಆಗಿದೆ.